ನೆತ್ತಿಯ ಎಣ್ಣೆ

ಹೆಸರಿಡುವ ಮೊದಲೇ ಬಂದಿದೆ, ಹನ್ನೊಂದು ದಿನದ್ದು.
ಚೀಟಿಯಲ್ಲಿ ಬರೆದದ್ದು ಇಷ್ಟೆ: ಮಹಾನಂದಾಳ ಕೂಸು, ಹೆಣ್ಣು,
ಎರಡು ಕಿಲೋ ಏಳುನೂರು, ಊರು ಸೇಡಂ ಕಡೆ.
ಅಪ್ಪ ಲಾರಿಗೆ ಸಿಮೆಂಟಿನ ಚೀಲ ಹೊರುವವನು,
ಅವನ ಕಿವಿಯ ಮಡಿಕೆಯಲ್ಲಿ ಇನ್ನೂ ಆ ಬೂದಿ.

ಲೋಹ ಏನೂ ಇರಬಾರದು ಅಂದೆ.
ಕಾಲ ಕಡಗ ಬಿಚ್ಚಿದರು, ಬೆಳ್ಳಿ ಉಡದಾರ ಬಿಚ್ಚಿದರು,
ಕರಿದಾರದ ತಾಯತಕ್ಕೆ ಮಾತ್ರ ಕೈ ತಡೆಯಿತು.
ಒಳಗಿರುವುದು ತಗಡೋ ಕಾಗದವೋ ಯಾರಿಗೂ ನೆನಪಿಲ್ಲ.
ಅದೂ ಕೊನೆಗೆ ಅಜ್ಜಿಯ ಸೆರಗಿನ ಗಂಟು ಸೇರಿತು.

ಮದ್ದಿಲ್ಲದೆ ಮಲಗಿಸುವುದು ನಮ್ಮ ಕಸುಬಿನ ಗುಟ್ಟು:
ಹೊಟ್ಟೆ ತುಂಬ ಹಾಲು, ಬಿಗಿಯಾಗಿ ಬಟ್ಟೆ, ಕಿವಿಗೆ ಅರಳೆ.
ಮಹಾನಂದಾ ಗೋಡೆಯ ಕಡೆ ತಿರುಗಿ ಕುಡಿಸಿದಳು.
ಹೊರಗೆ ಕಲಬುರಗಿಯ ಮೇ ತಿಂಗಳು,
ರಾತ್ರಿ ಹತ್ತಾದರೂ ಮೆಟ್ಟಿಲ ಶಹಾಬಾದ ಕಲ್ಲು ಸುಡುತ್ತಿತ್ತು.
ಒಳಗಿನ ತಂಪು ನಮಗಾಗಿ ಅಲ್ಲ, ಆಯಸ್ಕಾಂತಕ್ಕೆ.

ಯಂತ್ರ ಬಡಿಯತೊಡಗಿತು.
ಅಪ್ಪ ಬಾಗಿಲಿಗೆ ಕಿವಿಗೊಟ್ಟ,
‘ಖಣಿಯಾಗ ಕಲ್ಲು ಒಡದಂಗ ಅದ’ ಅಂದ.
ಕೂಸು ಆ ಕಲ್ಲಿನ ಸದ್ದಿನಡಿ ಮಲಗಿತ್ತು.

ಗಾಜಿನ ಈಚೆ ನಾನು.
ಹನ್ನೊಂದು ದಿನದ ಮಿದುಳು ನೀರು ನೀರು,
ಬೂದು ಯಾವುದು ಬಿಳಿ ಯಾವುದು ಎಂದು
ಅದಿನ್ನೂ ತೀರ್ಮಾನಿಸಿಲ್ಲ.
ನಟ್ಟನಡುವೆ, ಎಡಬಲ ಕೂಡಿಸುವ ಸೇತುವೆಯ ಬೆನ್ನಿಗೆ
ಬೆಣ್ಣೆಯಂಥ ಬೆಳಕು,
ಕತ್ತರಿಸಿ ಎಸೆದ ಉಗುರಿನಷ್ಟು.

ಹಳೆಯ ರಕ್ತವೂ ಹೀಗೇ ಹೊಳೆಯುವುದುಂಟು.
ಹೊಳಪನ್ನು ನಂಬುವಂತಿಲ್ಲ.
ಅದಕ್ಕೇ ಇನ್ನೊಂದು ಸುತ್ತು,
ಕೊಬ್ಬಿನ ದನಿಯೊಂದನ್ನೇ ಅಡಗಿಸುವ ಸುತ್ತು.
ನಾಲ್ಕು ನಿಮಿಷ. ಕೂಸು ಒಮ್ಮೆ ತುಟಿ ಚೀಪಿತು, ಅಲುಗಲಿಲ್ಲ.
ಮಿದುಳೆಲ್ಲ ಇದ್ದ ಹಾಗೇ ಇತ್ತು,
ಉಗುರು ಮಾತ್ರ ಆರಿತು.

ಕತ್ತಲಾಯಿತೆಂದು ಸಮಾಧಾನಪಟ್ಟವಳು
ಆ ಹೊತ್ತಿನಲ್ಲಿ ಈ ಊರಿಗೆಲ್ಲ ನಾನೊಬ್ಬಳೇ ಇರಬೇಕು.

ಅಜ್ಜಿ, ಚಂದಮ್ಮ, ಬಾಗಿಲ ಸಂದಿಗೆ ಬಂದಳು.
‘ಬಾಯಿ, ಒಂದ್ ಮಾತು.
ಹುಟ್ಟಿದ ದಿನದಿಂದ ನೆತ್ತಿಗಿ ನಾನೇ ಎಣ್ಣಿ ಒತ್ತೀನಿ.
ಔಡಲೆಣ್ಣಿ, ಮನ್ಯಾಗ ತಗದದ್ದು.
ಮೆತ್ತಗಿತ್ತಲ್ಲ ನೆತ್ತಿ, ಕುಣಿತಿತ್ತು, ಇಳೀಲಿ ಅಂತ ಒತ್ತಿದೆ.
ಅದೇ ಒಳಗ ಇಳದು ಗಡ್ಡಿ ಕಟ್ಟ್ಯಾದೇನು?’

ಗೋಡೆಗೆ ನಿಯಮ ಅಂಟಿಸಿದ್ದಾರೆ:
ರೋಗಿಯ ಕಡೆಯವರಿಗೆ ಸಿಬ್ಬಂದಿ ಏನೂ ಹೇಳಕೂಡದು.
ಹತ್ತು ವರ್ಷ ಆ ಕಾಗದದ ಕೆಳಗೆ ಕುಳಿತವಳು ನಾನು.
ಅವಳ ಹೆಬ್ಬೆರಳು ನೋಡಿದೆ. ಇನ್ನೂ ಮಿನುಗುತ್ತಿತ್ತು.

‘ಇಲ್ಲವ್ವಾ’ ಅಂದೆ. ‘ನೀ ಮುಟ್ಟೋಕಿಂತ ಮೊದಲಿಂದು ಅದು.
ಹೊಟ್ಟ್ಯಾಗಿದ್ದಾಗ ಕರಗಿಹೋಗಬೇಕಾದ ಪೊರಿ
ಒಂದ್ ಚೂರು ಕರಗದೆ ಉಳದದ.
ಉಳದದ್ದು ಕೊಬ್ಬಾಗ್ಯಾದ.’

‘ಎಣ್ಣಿ ಅಲ್ಲ?’
‘ಅಲ್ಲ.’
‘ಖರೇ?’
‘ಖರೇ.’
ಅಲ್ಲೇ ನೆಲಕ್ಕೆ ಕುಳಿತಳು. ಅತ್ತಳೋ ಇಲ್ಲವೋ, ಯಂತ್ರದ ಸದ್ದಿನಲ್ಲಿ ಕೇಳಲಿಲ್ಲ.

ಹನ್ನೊಂದು ನಲವತ್ತಕ್ಕೆ ಸೊಲ್ಲಾಪುರದ ಡಾಕ್ಟರ ವರದಿ ಬಂತು:
ಲೈಪೋಮಾ. ಅಪರೂಪದ್ದು. ಸೇತುವೆ ಹಿಂಭಾಗದಲ್ಲಿ ಗಿಡ್ಡ.
ಸದ್ಯ ಕೈ ಹಾಕುವುದು ಬೇಡ. ಆರು ತಿಂಗಳಿಗೆ ಮತ್ತೊಮ್ಮೆ.
ಫಿಟ್ಸ್ ಬಂದರೆ ಕೂಡಲೇ.
ಮಹಾನಂದಾ ಆ ಕೊನೆಯ ಸಾಲನ್ನು ಎರಡು ಸಲ ಓದಿಸಿದಳು.
ಒಂದು ಅರ್ಧ ಸೇತುವೆಯ ಮೇಲೆ ಏನೇನು ದಾಟುತ್ತದೆ,
ಯಾವುದು ಈಚೆಯೇ ನಿಲ್ಲುತ್ತದೆ,
ಅದು ನನ್ನ ಪರದೆಗೆ ಕಾಣುವ ಸಂಗತಿಯಲ್ಲ.

ಸೇಡಂ ಬಸ್ಸು ಬೆಳಗಿಗೇ. ಅಲ್ಲಿಯವರೆಗೆ ಮೆಟ್ಟಿಲ ಮೇಲೆ ಮಲಗಿದರು,
ಕೂಸನ್ನು ನಡುವೆ ಇಟ್ಟುಕೊಂಡು.
ಅಜ್ಜಿ ಗಂಟು ಬಿಚ್ಚಿ ಕಡಗ ಹಾಕುತ್ತಿದ್ದಳು, ಬೀದಿದೀಪದಲ್ಲಿ.

ಒಳಗೆ, ತಲೆ ಇಡುವ ಬಟ್ಟಲಿನ ಹಾಸಿಗೆಗೆ
ಎಣ್ಣೆಯ ಕಲೆ, ಎಂಟಾಣೆಯಗಲ.
ಸ್ಪಿರಿಟ್ಟಿನಲ್ಲಿ ಒರೆಸಬೇಕು, ಮುಂದಿನವರು ಕಾಯುತ್ತಿದ್ದಾರೆ,
ಆಳಂದದಿಂದ ಬಂದವರು, ಬೈಕಿನಿಂದ ಬಿದ್ದದ್ದು.
ಹತ್ತಿ ಕೈಯಲ್ಲೇ ಇದೆ.
ಔಡಲದ ವಾಸನೆ, ಹಸಿ, ತುಸು ಕಮಟು.
ಒರೆಸುತ್ತೇನೆ.
ಒಂದು ನಿಮಿಷ.